ಬೇಟೆಗಾರ ಕೆನೆತ್ ಆಂಡರ್ಸನ್

ಅನಾದಿಕಾಲದಿಂದಲೂ ಮನುಷ್ಯನಿಗೂ ಕಾಡುಮೃಗಗಳಿಗೂ ಒಂದು ಬಗೆಯ ನಂಟು ಬೆಳೆದು ಬಂದಿದೆ. ಆ ನಂಟಿನಲ್ಲಿ ಭಯವಿದೆ, ಹಗೆತನವಿದೆ. ಆದರೆ ಅಷ್ಟೇ ಅಲ್ಲ, ಪ್ರೀತಿಯೂ ಇದೆ. ರಾಮಾಯಣದ ಜಾಂಬವಂತನನ್ನು ನಾವು ವೃದ್ಧನಾದ ವಿವೇಕಿಯೆಂದು ಗೌರವಿಸುತ್ತೇವೆ. ಅವನ ಕುಲಕ್ಕೇ ಸೇರಿದ ಕರಡಿಯು ಬೆಟ್ಟದ ದಾರಿಯಲ್ಲಿ ಎದುರಾದರೆ ಗಡಗಡನೆ ನಡುಗುತ್ತೇವೆ. ಎಳೆಯ ಮಕ್ಕಳ ಭಯ ಹೋಗಲೆಂದು ಕರಡಿಯ ಕೂದಲಿನ ತಾಯತವನ್ನು ಕಟ್ಟುವ ವಾಡಿಕೆ ನಮ್ಮ ಹಳ್ಳಿಗಳಲ್ಲಿತ್ತು. ಆ ಕೂದಲಿಗಾಗಿ ಮೂಗುದಾರ ಹಾಕಿಸಿಕೊಂಡು ಬೀದಿ ಬೀದಿ ಅಲೆಯುತ್ತಿದ್ದ ಮೂಕಪ್ರಾಣಿಯ ಭಯವನ್ನು ಕುರಿತು ಯೋಚಿಸಿದವರು ವಿರಳ. ಕರಡಿಯ ಈ ಎರಡು ಮುಖಗಳನ್ನೂ ಹತ್ತಿರದಿಂದ ಕಂಡವರು ಕೆನೆತ್ ಆಂಡರ್ಸನ್. ಒಂದು ಕರಡಿಯನ್ನು ಅವರು ಗುಂಡಿಟ್ಟು ಕೊಂದರು. ಮತ್ತೊಂದನ್ನು ಮನೆಯ ಮಗುವಿನಂತೆ ಸಾಕಿದರು. ಅವರ ಬದುಕನ್ನು ಅರಿಯಬೇಕಾದರೆ ಈ ಎರಡು ಕರಡಿಗಳ ಕಥೆಯನ್ನೂ ಅರಿಯಬೇಕು.

ಕೆನೆತ್ ಆಂಡರ್ಸನ್ 1910ನೆಯ ಇಸವಿಯ ಮಾರ್ಚ್ ತಿಂಗಳ 8ರಂದು ಸಿಕಂದರಾಬಾದಿಗೆ ಸಮೀಪದ ಬೊಲಾರಮಿನಲ್ಲಿ ಜನಿಸಿದರು. ಅವರ ಪೂರ್ವಿಕರು ಸ್ಕಾಟ್‌ಲೆಂಡಿನವರು. ಆದರೆ ಹಲವು ತಲೆಮಾರುಗಳಿಂದ ಆ ಮನೆತನ ಭಾರತದಲ್ಲಿಯೇ ನೆಲೆಸಿತ್ತು. ತಂದೆ ಸೈನಿಕರ ವೇತನದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬಾಲಕ ಕೆನೆತ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಅನಂತರ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಮಗನು ನ್ಯಾಯವಾದಿಯಾಗಬೇಕೆಂಬುದು ಮನೆಯವರ ಇಚ್ಛೆಯಾಗಿತ್ತು. ಅದಕ್ಕಾಗಿ ಅವರನ್ನು ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಆದರೆ ಹಿರಿಯರ ನಾಡು ಆ ತರುಣನ ಮನಸ್ಸನ್ನು ಹಿಡಿದಿಡಲಿಲ್ಲ. ಅವರು ಓದನ್ನು ಅರ್ಧಕ್ಕೇ ಕೈಬಿಟ್ಟು ಭಾರತಕ್ಕೆ ಮರಳಿದರು.

ಹಿಂದಿರುಗಿದ ಮೇಲೆ ಆಂಡರ್ಸನ್ ಬೆಂಗಳೂರಿನಲ್ಲಿ ಅಂಚೆ ಮತ್ತು ತಂತಿ ಇಲಾಖೆಯನ್ನು ಸೇರಿ ಸುಮಾರು 15 ವರ್ಷಗಳ ಕಾಲ ದುಡಿದರು. ಬಳಿಕ ಅದೇ ನಗರದ ವಿಮಾನ ಕಾರ್ಖಾನೆಯಲ್ಲಿ ಹಿರಿಯ ಅಧಿಕಾರಿಯಾದರು. ವಾರದ ದಿನಗಳಲ್ಲಿ ಕಚೇರಿಯ ಕೆಲಸ. ಬಿಡುವು ದೊರೆತೊಡನೆ ಕಾಡಿನ ಹಾದಿ. ಹೀಗೆ ಅವರ ಜೀವನ ಸಾಗಿತು. ಮೈಸೂರು ಸೀಮೆಯ ಕಾಡುಗಳು, ಸೇಲಂ ಜಿಲ್ಲೆಯ ಬೆಟ್ಟಗಳು, ಕಾವೇರಿಯ ದಡದ ಅರಣ್ಯಗಳು ಅವರಿಗೆ ತಮ್ಮ ಮನೆಯ ಅಂಗಳದಷ್ಟೇ ಪರಿಚಿತವಾಗಿದ್ದವು. ಅವರು ಕನ್ನಡ, ತಮಿಳು ಭಾಷೆಗಳನ್ನು ಮಾತನಾಡಬಲ್ಲವರಾಗಿದ್ದರು. ದನಗಾಹಿಗಳು, ಕಟ್ಟಿಗೆ ಕಡಿಯುವವರು, ಜೇನು ಕೀಳುವವರು, ಕಾಡಿನಂಚಿನ ಗುಡಿಸಲುಗಳಲ್ಲಿ ಬಾಳುತ್ತಿದ್ದ ಗಿರಿಜನರು ಇವರೆಲ್ಲರೂ ಅವರ ಗೆಳೆಯರು. ಕಾಡನ್ನು ಓದುವ ವಿದ್ಯೆಯನ್ನು ಅವರು ಕಲಿತದ್ದು ಬಹುಮಟ್ಟಿಗೆ ಈ ನಿರಕ್ಷರ ಗುರುಗಳಿಂದ. ಮಣ್ಣಿನ ಮೇಲಿನ ಹೆಜ್ಜೆಯ ಗುರುತನ್ನು ನೋಡಿ ಅದು ಯಾವ ಮೃಗದ್ದು, ಎಷ್ಟು ಹೊತ್ತಿನ ಹಿಂದೆ ಹಾದುಹೋಯಿತು ಎಂಬುದನ್ನು ತಿಳಿಯುವುದು, ಲಂಗೂರದ ಎಚ್ಚರಿಕೆಯ ಕೂಗನ್ನೂ ಕಡವೆಯ ಕೂಗನ್ನೂ ಕೇಳಿ ಹುಲಿ ಎಲ್ಲಿ ನಡೆಯುತ್ತಿದೆಯೆಂದು ಊಹಿಸುವುದು ಅವರಿಗೆ ಕರಗತವಾಯಿತು.

ಆ ಕಾಲದಲ್ಲಿ ಬೇಟೆಯೆಂಬುದು ಸಿರಿವಂತರಿಗೆ ಒಂದು ವಿನೋದವಾಗಿತ್ತು. ಗೋಡೆಯ ಮೇಲೆ ಹುಲಿಯ ತಲೆಯನ್ನು ತೂಗುಹಾಕುವುದು ಪ್ರತಿಷ್ಠೆಯ ಗುರುತೆನಿಸಿತ್ತು. ಆಂಡರ್ಸನ್ ಹೆಸರಾದದ್ದು ಅಂಥ ಬೇಟೆಯಿಂದಲ್ಲ. ನರಭಕ್ಷಕವಾದ ಹುಲಿಯೋ ಚಿರತೆಯೋ ಹಳ್ಳಿಗರ ಪ್ರಾಣಕ್ಕೆ ಎರವಾದಾಗ ಜನರೂ ಅಧಿಕಾರಿಗಳೂ ಅವರಿಗೆ ಹೇಳಿಕಳುಹಿಸುತ್ತಿದ್ದರು. 1939ರಿಂದ 1966ರವರೆಗಿನ ಅವಧಿಯಲ್ಲಿ ಅವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದುದಾಗಿ ಸರ್ಕಾರದ ದಾಖಲೆಗಳಲ್ಲಿ ನಮೂದಾಗಿದೆ. ಆದರೆ ಅವರನ್ನು ಬಹಳವಾಗಿ ಬಳಲಿಸಿದ ಮೃಗಗಳ ಸಾಲಿನಲ್ಲಿ ಹುಲಿ ಚಿರತೆಗಳಲ್ಲದೆ ಒಂದು ಕರಡಿಯೂ ಸೇರಿದೆ.

ನಮ್ಮ ನಾಡಿನ ಕರಡಿಯ ಸ್ವಭಾವವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಮೈತುಂಬ ಕಪ್ಪನೆಯ ಒರಟು ಕೂದಲು. ಎದೆಯ ಮೇಲೆ ಇಂಗ್ಲಿಷಿನ ವಿ ಅಕ್ಷರವನ್ನು ಹೋಲುವ ಬಿಳಿಯ ಗುರುತು. ಮುಂಗಾಲುಗಳಲ್ಲಿ ಬಾಗಿದ ನೀಳವಾದ ಉಗುರುಗಳು. ಈ ಉಗುರುಗಳು ಪ್ರಕೃತಿಯು ಅದಕ್ಕೆ ಕೊಟ್ಟ ಗುದ್ದಲಿಗಳು. ಗೆದ್ದಲು ಹುತ್ತವನ್ನು ಅಗೆದು, ಮಣ್ಣನ್ನು ಊದಿ ತೆಗೆದು, ಹುಳುಗಳನ್ನು ಹೀರಿಕೊಳ್ಳುವುದು ಅದರ ಮುಖ್ಯ ವೃತ್ತಿ. ಹೀಗೆ ಹೀರಲು ಅನುಕೂಲವಾಗುವಂತೆ ಅದರ ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲುಗಳೇ ಇಲ್ಲ. ಧೂಳು ಹೋಗದಂತೆ ಮೂಗಿನ ಹೊಳ್ಳೆಗಳನ್ನು ಅದು ಮುಚ್ಚಿಕೊಳ್ಳಬಲ್ಲದು. ಅತ್ತಿ, ನೇರಳೆ, ಬಾರೆ ಮುಂತಾದ ಹಣ್ಣುಗಳೂ ಜೇನೂ ಅದಕ್ಕೆ ಪ್ರಿಯ. ಮನುಷ್ಯನನ್ನು ತಿನ್ನುವ ಆಸೆ ಅದಕ್ಕಿಲ್ಲ. ಹಾಗಿದ್ದರೂ ಕರಡಿಯಿಂದ ಗಾಯಗೊಂಡವರ ಸಂಖ್ಯೆ ನಮ್ಮಲ್ಲಿ ಸಣ್ಣದಲ್ಲ. ಇದಕ್ಕೆ ಕಾರಣವಿದೆ. ಅದರ ಮೂಗು ಬಹು ಚುರುಕು. ಆದರೆ ಕಣ್ಣು ಮಂದ, ಕಿವಿಯೂ ಅಷ್ಟೇನೂ ಚುರುಕಲ್ಲ. ಹುತ್ತ ಅಗೆಯುವುದರಲ್ಲಿ ಮುಳುಗಿರುವಾಗ ಮನುಷ್ಯನು ಹತ್ತಿರ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕೊನೆಯ ಗಳಿಗೆಯಲ್ಲಿ ಬೆಚ್ಚಿಬಿದ್ದು, ಓಡಲು ದಾರಿಗಾಣದೆ ಮೇಲೆ ಬೀಳುತ್ತದೆ. ತಾಯಿ ಕರಡಿಯು ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವ ಕಾಲದಲ್ಲಂತೂ ಅದರ ಅಂಜಿಕೆಯೂ ಕೋಪವೂ ಇಮ್ಮಡಿಯಾಗಿರುತ್ತವೆ. ಹೀಗೆ ಹೆದರಿದ ಕರಡಿ ಹೆದರಿದ ಮನುಷ್ಯನ ಮುಖಕ್ಕೆ ಕೈಯಿಡುತ್ತದೆ. ಹುತ್ತವನ್ನು ಅಗೆಯುವ ಉಗುರುಗಳು ಕಣ್ಣು ಮೂಗುಗಳನ್ನು ಕಿತ್ತುಹಾಕುತ್ತವೆ.

ಅರಸೀಕೆರೆಯ ಪೂರ್ವಕ್ಕೆ, ಬೆಂಗಳೂರಿನಿಂದ ಸುಮಾರು 105 ಮೈಲಿ ದೂರದಲ್ಲಿ, ಬಂಡೆಗಳಿಂದಲೂ ಗವಿಗಳಿಂದಲೂ ತುಂಬಿದ ಗುಡ್ಡಗಳಿವೆ. ಅಲ್ಲಿ ನೆಲೆಸಿದ್ದ ಒಂದು ಕರಡಿ ಈ ಜಾತಿಯ ಸಾಮಾನ್ಯ ನಡತೆಯನ್ನು ಮೀರಿ ನಡೆಯತೊಡಗಿತು. ಬೆಚ್ಚಿಬಿದ್ದಾಗ ಮಾತ್ರವಲ್ಲ, ಮನುಷ್ಯನನ್ನು ಕಂಡಲ್ಲೆಲ್ಲ ಅದು ಮೇಲೆ ಬೀಳುತ್ತಿತ್ತು. ಆಂಡರ್ಸನ್ ಬರೆದಿರುವಂತೆ, ಅದು 12 ಮಂದಿಯನ್ನು ಕೊಂದಿತು. ಅದರ ಇಮ್ಮಡಿ ಜನರನ್ನು ಅಂಗಹೀನರನ್ನಾಗಿ ಮಾಡಿತು. ಕಣ್ಣು ಕಳೆದುಕೊಂಡವರು, ಮೂಗು ಕಳೆದುಕೊಂಡವರು ಸುತ್ತಮುತ್ತಣ ಹಳ್ಳಿಗಳಲ್ಲಿ ಅದರ ರೋಷಕ್ಕೆ ಸಾಕ್ಷಿಗಳಾಗಿ ಉಳಿದರು. ಅದರ ಹಗೆತನಕ್ಕೆ ಜನರು ನಾನಾ ಕಾರಣಗಳನ್ನು ಹೇಳುತ್ತಿದ್ದರು. ಅದರ ಮರಿಗಳನ್ನು ಯಾರೋ ಅಪಹರಿಸಿದರೆಂದು ಕೆಲವರು ನಂಬಿದ್ದರು. ಆಂಡರ್ಸನ್‌ರಿಗೂ ಈ ಮೃಗವು ಹಿಂದೊಮ್ಮೆ ಮನುಷ್ಯನ ಕೈಯಿಂದಲೇ ನೋವುಂಡಿರಬೇಕೆಂದು ತೋರಿತು.

ಆ ಗುಡ್ಡಗಳ ಬುಡದಲ್ಲಿ ರಸ್ತೆಯ ಬದಿಗೆ ಒಂದು ಸಣ್ಣ ದರ್ಗಾ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಬಡ ವೃದ್ಧರು ಆಂಡರ್ಸನ್‌ರಿಗೆ ಬಹುಕಾಲದ ಸ್ನೇಹಿತರು. ಅವರ ಮನೆಯ ಸಮೀಪದಲ್ಲಿ ಅತ್ತಿಯ ಜಾತಿಯ ಮರಗಳಿದ್ದವು. ಹಣ್ಣಿನ ಕಾಲದಲ್ಲಿ ಕರಡಿಯು ರಾತ್ರಿ ಅಲ್ಲಿಗೆ ಬರುತ್ತಿತ್ತು. ಒಂದು ರಾತ್ರಿ ಮನೆಯಿಂದ ಹೊರಗೆ ಬಂದ ವೃದ್ಧರ ಮಗ ಅದರ ಕೈಗೆ ಸಿಕ್ಕಿದ. ಇಪ್ಪತ್ತರ ಹರೆಯದ ಆ ಯುವಕ ತಂದೆಯ ಕಣ್ಣೆದುರಿನಲ್ಲಿಯೇ ಪ್ರಾಣಬಿಟ್ಟ. ವೃದ್ಧರು ಸ್ನೇಹಿತನಿಗೆ ಕಾಗದ ಬರೆದು ತಮ್ಮ ದುಃಖವನ್ನು ತೋಡಿಕೊಂಡರು. ಆಂಡರ್ಸನ್ ಕೂಡಲೇ ಹೊರಟು ಬಂದರು. ಗುಡ್ಡವನ್ನು ಹತ್ತಿ ಗವಿಗಳನ್ನು ಶೋಧಿಸಿದರು. ರಾತ್ರಿ ಅತ್ತಿಯ ಮರಗಳ ಬಳಿ ಕಾದರು. ಕರಡಿಯ ಸುಳಿವು ಸಿಕ್ಕಲಿಲ್ಲ. ಕೈಗೂಡದ ಕೆಲಸವನ್ನು ಅಲ್ಲಿಗೇ ಬಿಟ್ಟು, ಭಾರವಾದ ಮನಸ್ಸಿನಿಂದ ಅವರು ಬೆಂಗಳೂರಿಗೆ ಹಿಂದಿರುಗಬೇಕಾಯಿತು.

ಕೆಲವು ಕಾಲದ ಮೇಲೆ ಕರಡಿಯು ಚಿಕ್ಕಮಗಳೂರಿನ ಕಡೆ ಸಖರಾಯಪಟ್ಟಣದ ಸುತ್ತಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಯೂ ಅದರ ಹಾವಳಿ ಮುಂದುವರಿಯಿತು. ಆಂಡರ್ಸನ್ ಅಲ್ಲಿಗೂ ಧಾವಿಸಿದರು. ದನ ಮೇಯಿಸಲು ಹೋದವನೊಬ್ಬ ಸಂಜೆಯಾದರೂ ಮನೆಗೆ ಮರಳಿರಲಿಲ್ಲ. ಕತ್ತಲೆಯಲ್ಲಿಯೇ ಹುಡುಕುತ್ತ ಹೋದಾಗ ಅವನು ಕಾಡಿನೊಳಗೆ ಭಯಂಕರವಾಗಿ ಗಾಯಗೊಂಡು ನರಳುತ್ತ ಬಿದ್ದಿದ್ದ. ಆಂಡರ್ಸನ್ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟರು. ಕಲ್ಲುಮುಳ್ಳುಗಳ ಆ ದಾರಿಯಲ್ಲಿ ಅವರ ಕಾಲು ಉಳುಕಿತು. ಮುಂದೆ ಒಂದು ಹೆಜ್ಜೆಯನ್ನೂ ಇಡಲಾಗಲಿಲ್ಲ. ಕೊರೆಯುವ ಚಳಿಯಲ್ಲಿ, ಸಾಯುತ್ತಿರುವ ಆ ಬಡವನ ಪಕ್ಕದಲ್ಲಿ ಕುಳಿತು ಅವರು ಇರುಳನ್ನು ಕಳೆದರು. ಬೆಳಕು ಹರಿಯುವ ಮುನ್ನವೇ ದನಗಾಹಿಯ ನರಳಾಟ ನಿಂತಿತು. ಕೈಯಲ್ಲಿ ಬಂದೂಕವಿತ್ತು; ಎದೆಯಲ್ಲಿ ಧೈರ್ಯವಿತ್ತು; ಆದರೂ ಒಂದು ಪ್ರಾಣವನ್ನು ಉಳಿಸಲಾಗಲಿಲ್ಲ. ಆ ರಾತ್ರಿಯ ಅನುಭವವನ್ನು ಅವರು ಎಂದಿಗೂ ಮರೆಯಲಿಲ್ಲ.

ಕಾಲುನೋವು ವಾಸಿಯಾದ ಬಳಿಕ, ಕರಡಿಯು ದರ್ಗಾದ ಹತ್ತಿರ ಮತ್ತೆ ತಲೆದೋರಿದೆಯೆಂಬ ಸುದ್ದಿ ಬಂದಿತು. ಆಂಡರ್ಸನ್ ತಡಮಾಡಲಿಲ್ಲ. ಮಗನನ್ನು ಕಳೆದುಕೊಂಡಿದ್ದ ಆ ವೃದ್ಧರ ಮನೆಯಲ್ಲಿಯೇ ಕಾದು ಕುಳಿತರು. ರಾತ್ರಿಯ ನಿಶ್ಶಬ್ದದಲ್ಲಿ ಅತ್ತಿಯ ಮರಗಳ ಕಡೆಯಿಂದ ಗೊಣಗುಟ್ಟುವ ಸದ್ದು ಕೇಳಿಸಿತು. ಅವರು ಮೆಲ್ಲಗೆ ಮುಂದೆ ಸಾಗಿ ಟಾರ್ಚಿನ ಬೆಳಕನ್ನು ಹಾಯಿಸಿದರು. ಕರಡಿ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಅದರ ಎದೆಯ ಬಿಳಿಯ ಗುರುತು ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣಿಸಿತು. ಗುಂಡು ಗುರಿ ತಪ್ಪಲಿಲ್ಲ. ಅನೇಕ ಮನೆಗಳ ಕಣ್ಣೀರಿಗೆ ಕಾರಣವಾಗಿದ್ದ ಮೃಗವು ಆ ಹಣ್ಣಿನ ಮರಗಳ ಕೆಳಗೆ ಉರುಳಿತು. ಆಂಡರ್ಸನ್ ಅಂದು ಸ್ನೇಹಿತನ ಋಣವನ್ನು ತೀರಿಸಿದರು. ಆದರೆ ಸತ್ತ ಮಗ ತಂದೆಗೆ ಮರಳಿ ಬರಲಿಲ್ಲ. ಕರಡಿಯನ್ನು ಹಾಗೆ ಕೆರಳಿಸಿದ ಮೊದಲ ತಪ್ಪು ಯಾರದೆಂಬುದೂ ಬೆಳಕಿಗೆ ಬರಲಿಲ್ಲ.

ಎರಡನೆಯ ಕರಡಿಯ ಕಥೆ ಇದಕ್ಕೆ ತೀರ ಭಿನ್ನವಾದುದು. ಮೈಸೂರಿನ ಸಮೀಪದ ಕಬ್ಬಿನ ಗದ್ದೆಗಳಿಗೆ ಕಾಡುಹಂದಿಗಳ ಕಾಟವಿತ್ತು. ಅವುಗಳನ್ನು ಓಡಿಸುತ್ತಿದ್ದಲ್ಲಿಗೆ ಆಂಡರ್ಸನ್ ಸಂಗಡಿಗರೊಡನೆ ಹೋಗಿದ್ದರು. ಆ ಸಮಯದಲ್ಲಿ ಒಂದು ಕರಡಿ ತನ್ನ ಪಾಡಿಗೆ ತಾನು ಬಿಸಿಲಿನಲ್ಲಿ ಬಯಲನ್ನು ದಾಟುತ್ತಿತ್ತು. ಅದು ಯಾರ ತಂಟೆಗೂ ಬಂದಿರಲಿಲ್ಲ. ಆದರೂ ಸಂಗಡಿಗನೊಬ್ಬ ಸುಮ್ಮನೆ ಗುಂಡು ಹಾರಿಸಿ ಅದನ್ನು ಕೊಂದುಬಿಟ್ಟ. ಸಮೀಪಕ್ಕೆ ಹೋಗಿ ನೋಡಿದಾಗ, ಬೆನ್ನಿನ ಮೇಲೆ ಕುಳಿತಿದ್ದ ಮರಿಯೊಂದು ಸತ್ತ ತಾಯಿಯನ್ನು ಬಿಡಲಾರದೆ ಅದರ ಸುತ್ತ ಓಡಾಡುತ್ತ ಅಳುತ್ತಿತ್ತು. ಆಂಡರ್ಸನ್‌ರ ಮನಸ್ಸು ಕರಗಿತು. ಅವರು ಓಡಿಹೋಗಿ ಮರಿಯನ್ನು ಹಿಡಿದು, ಗೋಣಿಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ತಂದು ಪತ್ನಿಯ ಕೈಗೆ ಒಪ್ಪಿಸಿದರು.

ಮರಿಗೆ ಬ್ರೂನೋ ಎಂದು ಹೆಸರಿಟ್ಟರು. ಮೊದಲು ಸೀಸೆಯ ಹಾಲು. ಕೆಲವೇ ದಿನಗಳಲ್ಲಿ ಗಂಜಿ, ತರಕಾರಿ, ಹಣ್ಣು, ಮಾಂಸ, ಚಹಾ ಎಲ್ಲವೂ ಅದಕ್ಕೆ ಸೇರತೊಡಗಿತು. ಮನೆಯ ನಾಯಿಗಳೊಡನೆಯೂ ಮಕ್ಕಳೊಡನೆಯೂ ಅದು ಆಡುತ್ತಿತ್ತು. ಒಮ್ಮೆ ಇಲಿಗಳಿಗೆಂದು ಇಟ್ಟಿದ್ದ ವಿಷವನ್ನು ತಿಂದು ಬ್ರೂನೋವಿನ ಕೈಕಾಲುಗಳೇ ನಿಂತುಹೋದವು. ಅದು ತೆವಳಿಕೊಂಡು ಬಂದು ತನ್ನ ಒಡತಿಯ ಬಳಿ ಬಿದ್ದಿತು. ಪಶುವೈದ್ಯರ ಬಳಿಗೆ ಕೊಂಡೊಯ್ದು ಎರಡು ಬಾರಿ ಮದ್ದು ಚುಚ್ಚಿಸಿದ ಮೇಲೆ ಅದು ಬದುಕಿ ಉಳಿಯಿತು. ಇನ್ನೊಮ್ಮೆ ಮೋಟಾರಿನ ಹಳೆಯ ಎಣ್ಣೆಯನ್ನು ಗೆದ್ದಲು ಬಾರದಿರಲೆಂದು ತೆಗೆದಿಟ್ಟಿದ್ದರೆ, ಬ್ರೂನೋ ಅದನ್ನೂ ಕುಡಿದುಬಿಟ್ಟಿತು. ಗೆದ್ದಲನ್ನು ಕೊಲ್ಲಲು ಇಟ್ಟ ಎಣ್ಣೆ ಗೆದ್ದಲು ತಿನ್ನುವ ಪ್ರಾಣಿಗೆ ಏನೂ ಕೇಡು ಮಾಡದೆ ಹೋದುದು ಎಲ್ಲರಿಗೂ ನಗೆಯನ್ನು ತಂದಿತು.

ಬ್ರೂನೋ ಬೆಳೆದು ದೊಡ್ಡದಾಯಿತು. ಅದನ್ನು ಬಿಟ್ಟು ಸಾಕುವುದು ಸುತ್ತಲಿನ ಮಕ್ಕಳಿಗೆ ಅಪಾಯವೆಂದು ತೋರಿ, ಸರಪಳಿಯಿಂದ ಕಟ್ಟಬೇಕಾಯಿತು. ಕೊನೆಗೆ ಮೈಸೂರಿನ ಮೃಗಾಲಯಕ್ಕೆ ಕಳುಹಿಸಬೇಕೆಂದು ಮನೆಯವರೆಲ್ಲ ಸೇರಿ ನಿರ್ಧರಿಸಿದರು. 1892ರಲ್ಲಿ ಸ್ಥಾಪನೆಯಾದ ಆ ಮೃಗಾಲಯದಲ್ಲಿ ಅದಕ್ಕೆ ಕೊರತೆಯೇನೂ ಇರಲಿಲ್ಲ. ಆದರೆ ಬ್ರೂನೋ ಸೊರಗಿತು; ಆಹಾರವನ್ನು ಬಿಟ್ಟಿತು. ಇತ್ತ ಬೆಂಗಳೂರಿನಲ್ಲಿ ಆಂಡರ್ಸನ್‌ರ ಪತ್ನಿಯೂ ಅದರ ನೆನಪಿನಿಂದ ಕೊರಗತೊಡಗಿದರು. ಮೂರು ತಿಂಗಳ ಮೇಲೆ ಅವರು ಮೈಸೂರಿಗೆ ಹೋದರು. ಇಷ್ಟು ದಿನಗಳ ಬಳಿಕ ಕಾಡುಪ್ರಾಣಿಗೆ ಗುರುತು ಹತ್ತುವುದಿಲ್ಲವೆಂದು ಗೆಳೆಯರು ಹೇಳಿದ್ದರು. ಆದರೆ ಒಡತಿಯನ್ನು ದೂರದಿಂದ ಕಂಡೊಡನೆಯೇ ಬ್ರೂನೋ ಸಂತೋಷದಿಂದ ಕೂಗಿತು, ತಲೆಕೆಳಗಾಗಿ ನಿಂತಿತು. ಅವರು ಮೂರು ಗಂಟೆಗಳ ಕಾಲ ಪಂಜರದ ಬಳಿ ಕುಳಿತು ಅದಕ್ಕೆ ತಿನ್ನಿಸಿದರು. ಹೊರಡುವ ಹೊತ್ತು ಬಂದಾಗ ಇಬ್ಬರ ಕಣ್ಣಲ್ಲೂ ನೀರು. ಬ್ರೂನೋ ಈಗ ಸರ್ಕಾರದ ಸ್ವತ್ತು. ಹಿಂದಕ್ಕೆ ಕೊಡಬೇಕಾದರೆ ಬೆಂಗಳೂರಿನಲ್ಲಿದ್ದ ಮೇಲಧಿಕಾರಿಯ ಅಪ್ಪಣೆ ಬೇಕಾಗಿತ್ತು. ಕನಿಕರವುಳ್ಳ ಆ ಅಧಿಕಾರಿ ಅಪ್ಪಣೆಯನ್ನು ನೀಡಿದರು. ಸಾಗಿಸಲು ಪಂಜರವನ್ನೂ ಒದಗಿಸಿದರು.

ಹೀಗೆ ಬ್ರೂನೋ ಮನೆಗೆ ಮರಳಿತು. ಮನೆಯ ಆವರಣದಲ್ಲಿ ಅದಕ್ಕಾಗಿ ಒಂದು ನಡುಗಡ್ಡೆಯನ್ನು ನಿರ್ಮಿಸಲಾಯಿತು. 20 ಅಡಿ ಉದ್ದ, 15 ಅಡಿ ಅಗಲದ ಆ ನೆಲದ ಸುತ್ತಲೂ 6 ಅಡಿ ಅಗಲದ, 7 ಅಡಿ ಆಳದ ಒಣ ಕಂದಕವನ್ನು ತೋಡಿಸಿದರು. ರಾತ್ರಿ ಮಲಗಲು ಮರದ ಪೆಟ್ಟಿಗೆ, ಅದರಲ್ಲಿ ಹಾಸಿದ ಹುಲ್ಲು. ಮರದ ಕೊಂಬೆಯಿಂದ ಕಂದಕದ ಮೇಲೆ ಒಂದು ಹಗ್ಗವನ್ನು ಇಳಿಬಿಟ್ಟು, ಅದನ್ನು ಹಿಡಿದು ಆಂಡರ್ಸನ್‌ರ ಪತ್ನಿ ನಡುಗಡ್ಡೆಗೆ ಹೋಗಿಬರುತ್ತಿದ್ದರು. ಮಗುವಿನೊಡನೆ ತಾಯಿ ಕುಳಿತಂತೆ ಅದರೊಡನೆ ಗಂಟೆಗಟ್ಟಲೆ ಕುಳಿತಿರುತ್ತಿದ್ದರು.

ಎರಡೂ ಒಂದೇ ಜಾತಿಯ ಪ್ರಾಣಿಗಳು. ಒಂದೇ ಬಗೆಯ ಉಗುರು, ಎದೆಯ ಮೇಲೆ ಒಂದೇ ಬಗೆಯ ಬಿಳಿಯ ಗುರುತು. ಒಂದರ ಹೆಸರು ಕೇಳಿದರೆ ಹಳ್ಳಿಗಳು ಹೊತ್ತಿಗೆ ಮುಂಚೆಯೇ ಬಾಗಿಲು ಮುಚ್ಚುತ್ತಿದ್ದವು. ಇನ್ನೊಂದು ತನ್ನನ್ನು ಸಾಕಿದವರನ್ನು ಕಾಣದೆ ಅನ್ನಾಹಾರಗಳನ್ನು ತೊರೆಯಿತು. ಇದನ್ನು ಕಂಡ ಆಂಡರ್ಸನ್‌ರಿಗೆ ಒಂದು ಮಾತು ಮನದಟ್ಟಾಗಿರಬೇಕು. ಕಾಡುಪ್ರಾಣಿಯು ಹುಟ್ಟಿನಿಂದ ಕ್ರೂರಿಯಲ್ಲ. ಅದಕ್ಕೂ ನೋವಿದೆ, ನೆನಪಿದೆ, ತನ್ನವರೆಂಬ ಮಮತೆಯಿದೆ. ನರಭಕ್ಷಕಗಳ ವಿಷಯದಲ್ಲಿಯೂ ಅವರು ಇದನ್ನೇ ಎತ್ತಿ ತೋರಿಸಿದರು. ಹುಲಿಯು ಮನುಷ್ಯನಿಗೆ ಎರಗುವುದು ಬಹುಪಾಲು ಅದರ ದೇಹಕ್ಕೆ ಗುಂಡಿನ ಗಾಯವೋ ಮತ್ತಾವುದೋ ಊನವೋ ಉಂಟಾದಾಗ ಎಂಬುದು ಅವರ ಅನುಭವವಾಗಿತ್ತು.

ಈ ಅನುಭವಗಳನ್ನು ಆಂಡರ್ಸನ್ ಇಂಗ್ಲಿಷ್ ಭಾಷೆಯಲ್ಲಿ ಬರೆದಿಟ್ಟರು. ಅವರ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. 1957ರಲ್ಲಿ ಹೊರಬಂದ ಎರಡನೆಯ ಪುಸ್ತಕದಲ್ಲಿ ಮೈಸೂರು ಸೀಮೆಯ ಆ ಕರಡಿಯ ಕಥೆ ಸೇರಿದೆ. ಆಮೇಲೆ ಇನ್ನೂ ಹಲವು ಪುಸ್ತಕಗಳು ಬಂದವು. ಬೇಟೆಯ ವಿವರಗಳ ಜೊತೆಗೆ ಕಾಡಿನ ಇರುಳು, ಹಕ್ಕಿಗಳ ದನಿ, ಬಡ ಹಳ್ಳಿಗರ ಬಾಳು ಅವುಗಳಲ್ಲಿ ತುಂಬಿವೆ. ತಮ್ಮ ಸೋಲುಗಳನ್ನೂ ತಪ್ಪುಗಳನ್ನೂ ಅವರು ಮರೆಮಾಚಲಿಲ್ಲ. ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳು ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದು, ನಮ್ಮ ನಾಡಿನ ಕಾಡುಗಳನ್ನು ನಮ್ಮ ಭಾಷೆಯಲ್ಲಿಯೇ ನಮಗೆ ಮರಳಿ ಕೊಟ್ಟರು.

ವಯಸ್ಸಾದಂತೆ ಆಂಡರ್ಸನ್‌ರ ಕೈಯಲ್ಲಿ ಬಂದೂಕಿನ ಬದಲು ಕ್ಯಾಮೆರಾ ಕಾಣಿಸಿಕೊಂಡಿತು. ತಾವು ತರುಣರಾಗಿದ್ದಾಗ ಕಂಡ ದಟ್ಟವಾದ ಕಾಡುಗಳು ಕೊಡಲಿಗೂ ಕಳ್ಳಬೇಟೆಗೂ ತುತ್ತಾಗಿ ಬಯಲಾಗುತ್ತಿರುವುದನ್ನು ಕಂಡು ಅವರು ಮರುಗಿದರು. ವನ್ಯಪ್ರಾಣಿಗಳನ್ನು ಉಳಿಸಬೇಕೆಂದು ಬರೆದರು. 1972ರಲ್ಲಿ ಭಾರತ ಸರ್ಕಾರವು ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಜಾರಿಗೆ ತಂದಿತು. ಅದಾದ ಎರಡು ವರ್ಷಗಳಿಗೆ, 1974ರ ಆಗಸ್ಟ್ 30ರಂದು, ಆಂಡರ್ಸನ್ ಬೆಂಗಳೂರಿನಲ್ಲಿ ನಿಧನರಾದರು. ಅವರ ಕೊನೆಯ ಪುಸ್ತಕವು ಅವರ ಮರಣಾನಂತರ 1976ರಲ್ಲಿ ಬೆಳಕು ಕಂಡಿತು.

ಇಂದು ಕರಡಿಗೆ ನಮ್ಮ ದೇಶದ ಕಾನೂನಿನ ರಕ್ಷಣೆಯಿದೆ. 1994ರಲ್ಲಿ ಹಂಪಿಯ ಸಮೀಪದ ದರೋಜಿಯಲ್ಲಿ ಕರಡಿಗಳಿಗಾಗಿಯೇ ಒಂದು ಧಾಮವನ್ನು ಘೋಷಿಸಲಾಯಿತು. ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಬನ್ನೇರುಘಟ್ಟದಲ್ಲಿ ಪೋಷಿಸಲಾಗಿದೆ. ಆದರೂ ಬೆಟ್ಟಗಳು ಕರಗಿ, ಹಣ್ಣಿನ ಮರಗಳು ಮರೆಯಾದ ಕಡೆಗಳಲ್ಲಿ ಕರಡಿಯು ಹೊಲಗಳಿಗೆ ಇಳಿಯುತ್ತದೆ. ಮುಂಜಾವದಲ್ಲಿ ಹೊಲಕ್ಕೆ ಹೋದ ರೈತ ಗಾಯಗೊಳ್ಳುತ್ತಾನೆ. ಆ ರೈತನ ನೋವು ದೊಡ್ಡದು. ನೆಲೆ ತಪ್ಪಿದ ಆ ಪ್ರಾಣಿಯ ಕಷ್ಟವೂ ಸಣ್ಣದಲ್ಲ. ಮಗನನ್ನು ಕಳೆದುಕೊಂಡ ತಂದೆಯ ದುಃಖವನ್ನೂ ತಾಯಿಯನ್ನು ಕಳೆದುಕೊಂಡ ಮರಿಯ ದುಃಖವನ್ನೂ ಸಮವಾಗಿ ಅರಿತ ಒಬ್ಬ ಬೇಟೆಗಾರ ನಮ್ಮ ನಡುವೆ ಬಾಳಿದ್ದರು. ಇವೆರಡರಲ್ಲಿ ಒಂದನ್ನು ಮಾತ್ರ ಕಂಡು ಇನ್ನೊಂದಕ್ಕೆ ಕಣ್ಣು ಮುಚ್ಚಿದರೆ ಕಾಡೂ ಉಳಿಯದು, ಊರೂ ನೆಮ್ಮದಿಯಿಂದ ಇರದು. ಕೆನೆತ್ ಆಂಡರ್ಸನ್‌ರ ಬಾಳು ನಮಗೆ ಕಲಿಸುವ ಪಾಠವಿದು.